ಪಾರ್ಕಿನಲ್ಲಿ ಸೂಪರ್‌ಹೀರೋ ವೇಷ: ಬೇಸಿಗೆ ರಜೆಗೆ ಏನೇನು ತಯಾರಿ ಬೇಕು?

ಪಟ್ಣದ ಪಾರ್ಕು:

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಹತ್ತಿರ ನಮ್ಮದೊಂದು ಸಣ್ಣ ಅಮ್ಯೂಸ್‌ಮೆಂಟ್ ಪಾರ್ಕು. ಜೈಂಟ್ ವ್ಹೀಲ್, ಕೊಲಂಬಸ್, ಡ್ಯಾಶಿಂಗ್ ಕಾರು, ಮಕ್ಕಳ ರೈಲು, ಜೊತೆಗೆ ಎರಡು ಜಾರುಬಂಡೆ ಇರುವ ಒಂದು ಕೊಳ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಭಾನುವಾರಗಳಲ್ಲಿ ಸುಮಾರು 600 ಜನ ಬರುತ್ತಾರೆ. ಈ ಸಲ ಸೂಪರ್‌ಹೀರೋ ವೇಷ ಹಾಕಿಸಿ, ಮಕ್ಕಳ ಜೊತೆ ಫೋಟೋಗೆ ನಿಲ್ಲಿಸೋಣ ಅಂತಿದೆ.

ಗೊತ್ತಿರುವವರು ಹೇಳಿ: ವೇಷ ಬಾಡಿಗೆಗೆ ತರುವುದೋ, ಹೊಲಿಸುವುದೋ? ಒಬ್ಬ ಮನುಷ್ಯ ಎಷ್ಟು ಹೊತ್ತು ವೇಷದಲ್ಲಿ ಇರಬಹುದು? 600 ಜನಕ್ಕೆ ಎಷ್ಟು ಜನ ವೇಷಧಾರಿಗಳು ಬೇಕು? ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್ ಹಾಕಿಸಿದರೆ ಕಾನೂನಿನ ತೊಂದರೆ ಇದೆಯಾ? ಇನ್ನೊಂದು, ಜೈಂಟ್ ವ್ಹೀಲ್ ಪಕ್ಕದ ಕಂಬದಿಂದ ಹಗ್ಗ ಕಟ್ಟಿ ಹೀರೋನ ಕೆಳಗೆ ಇಳಿಸುವ ಯೋಚನೆಯೂ ಇದೆ.

ಮುಖವಾಡ:

ಎಲ್ಲ ಕಡೆ ಆಗುವ ತಪ್ಪು ಒಂದೇ. ವೇಷಕ್ಕೆ ದುಡ್ಡು ಸುರಿಯುತ್ತಾರೆ, ಒಳಗಿರುವ ಮನುಷ್ಯನನ್ನು ಮರೆಯುತ್ತಾರೆ. ಹಾಗಾಗಿ ಹೊತ್ತಿನ ಲೆಕ್ಕದಿಂದ ಶುರು ಮಾಡುತ್ತೇನೆ.

ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ 34–35 ಡಿಗ್ರಿ. ಮೈ ತಣ್ಣಗಾಗುವುದು ಬೆವರು ಆರಿದಾಗ. ವೇಷದೊಳಗೆ ಬೆವರು ಆರುವುದಿಲ್ಲ, ಇಳಿಯುತ್ತದೆ ಅಷ್ಟೆ. ಬರೀ ಲೈಕ್ರಾ ಸೂಟಾದರೆ ನೆರಳಲ್ಲಿ 20 ನಿಮಿಷ. ಒಳಗೆ ಸ್ಪಂಜಿನ ತೋಳು, ಎದೆ ತುಂಬಿಸಿದ್ದರೆ 15. ದೊಡ್ಡ ತಲೆಯ ಬೊಂಬೆ ವೇಷವಾದರೆ 12ಕ್ಕೆ ನಿಲ್ಲಿಸಿ. 12 ಗಂಟೆಯಿಂದ ಮೂರೂವರೆವರೆಗೆ ಯಾರನ್ನೂ ಹೊರಗೆ ಬಿಡಬೇಡಿ, ಎಷ್ಟೇ ಗಿರಾಕಿ ಇರಲಿ.

ಈಗ 600 ಜನ ಅಂದರೆ ಮನೆಗೆ ನಾಲ್ಕು ಜನದ ಲೆಕ್ಕದಲ್ಲಿ 150 ಸಂಸಾರ. ಒಂದು ಸಂಸಾರಕ್ಕೆ ಬಂದು, ಕೈಕುಲುಕಿ, ಫೋಟೋ ತೆಗೆಸಿಕೊಂಡು ಹೋಗಲು 45 ಸೆಕೆಂಡು ಹಿಡಿಯಿರಿ. 20 ನಿಮಿಷದ ಒಂದು ಸರದಿಯಲ್ಲಿ 25 ಸಂಸಾರ ಮುಗಿಯುತ್ತದೆ. ಅಲ್ಲಿಗೆ ದಿನಕ್ಕೆ ಆರು ಸರದಿ: ಬೆಳಿಗ್ಗೆ ಹತ್ತೂವರೆಗೆ ಶುರುವಾಗಿ ಮೂರು ಸರದಿ, ಸಂಜೆ ನಾಲ್ಕೂವರೆಗೆ ಶುರುವಾಗಿ ಮೂರು ಸರದಿ. ಆಳು ಬದಲಾಗಲು ಎರಡೆರಡು ನಿಮಿಷ ಸೇರಿಸಿಕೊಳ್ಳಿ. ಒಂದೇ ಹೀರೋಗೆ ಇಬ್ಬರು ವೇಷಧಾರಿಗಳು ಸಾಕು. ಬೆಳಿಗ್ಗೆ ಮೊದಲನೆಯವನು, ಎರಡನೆಯವನು, ಮತ್ತೆ ಮೊದಲನೆಯವನು. ಸಂಜೆ ಇದು ಉಲ್ಟಾ. ಪ್ರತಿಯೊಬ್ಬನಿಗೂ ದಿನಕ್ಕೆ ಮೂರು ಸರದಿ, ನಡುವೆ 20 ನಿಮಿಷಕ್ಕಿಂತ ಹೆಚ್ಚು ಬಿಡುವು. ಮೂರನೆಯ ಒಬ್ಬನನ್ನು ಬದಲಿಗೆ ಇಟ್ಟುಕೊಳ್ಳಿ, ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಬೇಕಾಗುತ್ತದೆ. ಮೂವರ ಎತ್ತರದಲ್ಲಿ ಎರಡು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬೆಳಿಗ್ಗೆ ನೋಡಿದ ಹೀರೋ ಸಂಜೆ ಕುಳ್ಳಗಾಗಿದ್ದರೆ ದೊಡ್ಡವರಿಗಿಂತ ಮೊದಲು ಮಕ್ಕಳೇ ಹಿಡಿಯುತ್ತಾರೆ.

ಹೀರೋ ಒಬ್ಬನನ್ನೇ ಹೊರಗೆ ಕಳಿಸಬೇಡಿ. ಜೊತೆಗೊಬ್ಬ ಸಹಾಯಕ ಇರಲೇಬೇಕು, ಮಾಮೂಲಿ ಪಾರ್ಕಿನ ಟೀ ಶರ್ಟಿನಲ್ಲಿ. ಮುಖವಾಡದೊಳಗಿಂದ ಕೆಳಗಡೆ ಏನೂ ಕಾಣುವುದಿಲ್ಲ. ಮೊಣಕಾಲೆತ್ತರದ ಮಗು ನಿಂತಿದ್ದರೂ ಗೊತ್ತಾಗುವುದಿಲ್ಲ. ದಾರಿ ತೋರುವುದು, ಸಾಲು ನೋಡಿಕೊಳ್ಳುವುದು, ಗಡಿಯಾರ ನೋಡುವುದು ಎಲ್ಲ ಸಹಾಯಕನ ಕೆಲಸ. ಇಪ್ಪತ್ತನೆಯ ಸಂಸಾರ ಬಂದ ಕೂಡಲೇ ಹಿಂದೆ ಎಷ್ಟು ಜನ ಇದ್ದಾರೆ ಎಣಿಸಿ, ಇಪ್ಪತ್ತೈದನೆಯವರ ಕೈಗೆ ‘ಸಾಲು ಇಲ್ಲಿಗೆ ಮುಗಿಯಿತು, ಮುಂದಿನದು ಇಷ್ಟು ಗಂಟೆಗೆ’ ಅನ್ನುವ ಬೋರ್ಡು ಕೊಡಬೇಕು. ಬೋರ್ಡು ಗೋಡೆಗೆ ಹಾಕಿದರೆ ಯಾರೂ ಓದಲ್ಲ. ಸಾಲಿನ ಕೊನೆಯವರ ಕೈಯಲ್ಲಿದ್ದರೆ ಹೊಸಬರಿಗೆ ಅವರೇ ಹೇಳಿ ಕಳಿಸುತ್ತಾರೆ.

ವೇಷಧಾರಿ ಮಾತಾಡದೆ ಸಹಾಯಕನಿಗೆ ತಿಳಿಸಲು ಎರಡು ಸಂಕೇತ ಸಾಕು. ಬಲಗೈಯಿಂದ ಎಡ ಮಣಿಕಟ್ಟು ಹಿಡಿದರೆ ನೀರು ಬೇಕು. ಅಂಗೈ ತಲೆಯ ಮೇಲಿಟ್ಟರೆ ಈಗಲೇ ಒಳಗೆ ಕರೆದುಕೊಂಡು ಹೋಗು, ಸಾಲು ಎಷ್ಟಿದ್ದರೂ. ಸೊಂಟದ ಮೇಲೆ ಕೈಯಿಡುವುದನ್ನು ಮಾತ್ರ ಸಂಕೇತ ಮಾಡಿಕೊಳ್ಳಬೇಡಿ, ಹೀರೋಗಳು ನಿಲ್ಲುವುದೇ ಹಾಗೆ.

ಒಳಗಿನ ಕೋಣೆಯಲ್ಲಿ ಫ್ಯಾನು, ಒದ್ದೆ ಟವೆಲು, ಕುರ್ಚಿ, ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಬೇಕು. ಒಂದು ಲೋಟಕ್ಕೆ ಅರ್ಧ ಪೊಟ್ಟಣ ಸುರಿದರೆ ಉಪ್ಪು ಹೆಚ್ಚಾಗಿ ಕೆಡುಕೇ. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿಬಿಡಿ. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಆದೀತು. ಪ್ರತಿ ಸರದಿಗೆ ಮೊದಲು ಒಂದು ಲೋಟ, ಬಂದ ಮೇಲೆ ಎರಡು.

ಹೀಗಾದರೆ ಎಚ್ಚರ: ಹುಡುಗ ತೊದಲುತ್ತಾನೆ, ತೂರಾಡುತ್ತಾನೆ, ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡುತ್ತಾನೆ, ಮೈ ಕಾದ ಹೆಂಚಿನಂತಿರುತ್ತದೆ. ಅದು ಸುಸ್ತಲ್ಲ, ಬಿಸಿಲಿನ ಆಘಾತ. ಮುಖವಾಡ ಕಿತ್ತು, 108ಕ್ಕೆ ಫೋನು ಮಾಡಿ, ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕುತ್ತಿರಿ. ಎಚ್ಚರ ಪೂರ್ತಿ ಇಲ್ಲದವನ ಬಾಯಿಗೆ ನೀರು ಹಾಕಬೇಡಿ. ಬೆನ್ನಿನ ಜಿಪ್ಪು ಸಿಕ್ಕಿಕೊಂಡರೆ ಒದ್ದಾಡುತ್ತಾ ಕೂರದೆ ಸೂಟನ್ನು ಕತ್ತರಿಸಿ. ಅದಕ್ಕೆಂದೇ ಆ ಕೋಣೆಯಲ್ಲಿ ಒಂದು ದೊಡ್ಡ ದರ್ಜಿ ಕತ್ತರಿ ದಾರ ಕಟ್ಟಿ ನೇತುಹಾಕಿರಬೇಕು.

ಆಳುಗಳ ಬಗ್ಗೆ: ಜಿಮ್ ಹುಡುಗರಿಗಿಂತ ನಾಟಕ, ಡ್ಯಾನ್ಸ್ ಮಾಡಿದವರು ವಾಸಿ. ಮುಖ ಕಾಣದಿದ್ದಾಗ ಮೈಯಲ್ಲೇ ಮಾತಾಡಬೇಕಲ್ಲ. ಮೈಸೂರಿನಲ್ಲಿ ಅಂಥವರಿಗೆ ಬರವಿಲ್ಲ. ಆದರೆ ಏಪ್ರಿಲ್, ಮೇನಲ್ಲಿ ರಂಗಾಯಣದ ಚಿಣ್ಣರ ಮೇಳ ಮತ್ತು ಊರಿನ ಹತ್ತಾರು ಬೇಸಿಗೆ ಶಿಬಿರಗಳಲ್ಲಿ ಬಹಳ ಜನ ಸಿಕ್ಕಿಕೊಂಡಿರುತ್ತಾರೆ. ಫೆಬ್ರವರಿಯಲ್ಲೇ ಮಾತಾಡಿ ಅಡ್ವಾನ್ಸ್ ಕೊಟ್ಟುಬಿಡಿ.

ಹೊಲಿಗೆ ಕಟ್ಟೆ:

ವೇಷದ ವಿಚಾರ. ಒಂದು ಭಾನುವಾರಕ್ಕಾದರೆ ಬಾಡಿಗೆ, ಎಂಟು ಭಾನುವಾರಕ್ಕಾದರೆ ಹೊಲಿಸುವುದೇ ಲೇಸು. ಬಾಡಿಗೆಯದು ಹಿಂದಿನವರ ಬೆವರಿನ ಸಮೇತ ಬರುತ್ತದೆ.

ಬಟ್ಟೆ ನಾಲ್ಕೂ ಕಡೆ ಹಿಗ್ಗುವ ಪಾಲಿಯೆಸ್ಟರ್ ಲೈಕ್ರಾ, 220ರಿಂದ 240 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಇಷ್ಟು ಗ್ರಾಂ ತೂಗಬೇಕು). ಅದಕ್ಕಿಂತ ತೆಳುವಾದರೆ ಬಿಸಿಲಿಗೆ ಒಳಗಿನದೆಲ್ಲ ಕಾಣುತ್ತದೆ, ದಪ್ಪವಾದರೆ ಮನುಷ್ಯ ಬೇಯುತ್ತಾನೆ. 58 ಇಂಚು ಪನ್ನದಲ್ಲಿ ಒಬ್ಬ ದೊಡ್ಡವನಿಗೆ ಮೂರರಿಂದ ಮೂರೂವರೆ ಮೀಟರು. ಡಿಸೈನ್ ಪ್ರಿಂಟಿಗೆ ದೂರ ಹೋಗಬೇಕಿಲ್ಲ. ಕ್ರಿಕೆಟ್ ಟೀಮುಗಳಿಗೆ ಜೆರ್ಸಿ ಪ್ರಿಂಟ್ ಹಾಕುವವರು ಮಾಡುವುದು ಸಬ್ಲಿಮೇಷನ್ನೇ, ಅಂದರೆ ಕಾವು ಕೊಟ್ಟು ಬಟ್ಟೆಗೆ ಬಣ್ಣ ಹಿಡಿಸುವ ಪ್ರಿಂಟು. ಬಟ್ಟೆ ಬಿಳಿ ಪಾಲಿಯೆಸ್ಟರಿನದೇ ಆಗಿರಬೇಕು, ಕಾಟನ್ನಿಗೆ ಆ ಬಣ್ಣ ಹಿಡಿಯುವುದಿಲ್ಲ. ಇದರಲ್ಲಿ ಒಂದು ಐಬಿದೆ: ಬಣ್ಣ ಮೇಲ್ಮೈಯಲ್ಲಷ್ಟೇ ಕೂರುವುದರಿಂದ ಮಂಡಿ, ಮೊಣಕೈ ಮಡಿಸಿದಾಗ ಬಟ್ಟೆ ಹಿಗ್ಗಿ ಒಳಗಿನ ಬಿಳಿ ಇಣುಕುತ್ತದೆ. ಆ ಜಾಗಕ್ಕೆ ಮೊದಲೇ ಬಣ್ಣ ಹಾಕಿದ ಲೈಕ್ರಾ ತುಂಡು ಕೊಟ್ಟು ಹೊಲಿಯುವುದು ಒಳ್ಳೆಯದು.

ಅಳತೆ ಮೈಗಿಂತ ನೂರಕ್ಕೆ ಐದರಿಂದ ಎಂಟು ಪಾಲು ಕಡಿಮೆ ಇಡಬೇಕು, ಸುತ್ತಳತೆಯಲ್ಲಿ ಮಾತ್ರ. ಉದ್ದದಲ್ಲಿ ಹಿಡಿದರೆ ಭುಜ ಜಗ್ಗಿ, ಬಗ್ಗಿದಾಗ ತೊಡೆಸಂದು ಹರಿಯುತ್ತದೆ. ಅಲ್ಲಿಗೆ ವಜ್ರದ ಆಕಾರದ ಒಂದು ಹೆಚ್ಚುವರಿ ತುಂಡು (ಗಸೆಟ್) ಕೊಡಲೇಬೇಕು. ಸೂಜಿ ಸ್ಟ್ರೆಚ್ ಬಟ್ಟೆಗೆಂದೇ ಬರುವ 75/11 ನಂಬರಿನದು, ಹೊಲಿಗೆ ಬಟ್ಟೆಯ ಜೊತೆ ಹಿಗ್ಗುವ ಓವರ್‌ಲಾಕ್. ಸಾದಾ ನೇರ ಹೊಲಿಗೆ ಹಾಕಿದರೆ ಮೊದಲ ಸಲ ಕುಕ್ಕರಗಾಲಲ್ಲಿ ಕೂತಾಗಲೇ ದಾರ ಪಟಪಟ ಕಿತ್ತುಬರುತ್ತದೆ. ಹೀರೋಗಳು ಮಕ್ಕಳ ಜೊತೆ ಇಡೀ ದಿನ ಕೂರುವುದು ಹಾಗೆಯೇ.

ಕಣ್ಣಿಗೆ ಕೆಲವರು ಬಸ್ ಗಾಜಿಗೆ ಅಂಟಿಸುವ ಒನ್ ವೇ ವಿಷನ್ ಸ್ಟಿಕ್ಕರನ್ನು ಪ್ಲಾಸ್ಟಿಕ್ ಹಾಳೆಗೆ ಹಚ್ಚುತ್ತಾರೆ. ಹೊರಗಿನಿಂದ ಚೆಂದ, ಆದರೆ ಹತ್ತೇ ನಿಮಿಷಕ್ಕೆ ಒಳಗೆ ಮಂಜು ಕಟ್ಟುತ್ತದೆ. ಬಣ್ಣ ಹಚ್ಚಿದ ಸಣ್ಣ ಕಣ್ಣಿನ ಜಾಲರಿಯಾದರೆ ಗಾಳಿ ಆಡುತ್ತದೆ, ನೋಟವೂ ಸಾಕಷ್ಟಿರುತ್ತದೆ. ಹಾಳೆಯೇ ಬೇಕೆಂದರೆ ಕೆಳಗೆ ಬೆರಳಗಲ ಸಂದಿ ಬಿಡಿ, ಒಳಬದಿಗೆ ಒಂದು ಹನಿ ಬೇಬಿ ಶಾಂಪೂ ಸವರಿ ಒಣಬಟ್ಟೆಯಲ್ಲಿ ಒರೆಸಿ. ಮೂಗು, ಬಾಯಿಯ ಹತ್ತಿರ ಬಟ್ಟೆ ಮುಖಕ್ಕೆ ಅಂಟದ ಹಾಗೆ ಒಳಗೊಂದು ಗಟ್ಟಿ ಚಿಪ್ಪು ಬೇಕು; ಇಲ್ಲದಿದ್ದರೆ ಉಸಿರೆಳೆದಾಗಲೆಲ್ಲ ಒದ್ದೆ ಬಟ್ಟೆ ಬಾಯಿಗೆ ಬರುತ್ತದೆ.

ಕವಚದ ಹೀರೋ ಆದರೆ ಇವಿಎ ಫೋಮ್. ಮಕ್ಕಳು ಆಡುವ ಜೋಡಿಸುವ ಮ್ಯಾಟು ಇದೆಯಲ್ಲ, ಅದೇ ಜಾತಿ. ಎದೆಗೆ 10 ಮಿಲಿಮೀಟರು, ತೋಳಿಗೆ 5. ರಬ್ಬರ್ ಜಾತಿಯ ಅಂಟನ್ನು ಎರಡೂ ಅಂಚಿಗೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಹಸಿಯಿರುವಾಗಲೇ ಒತ್ತಿದರೆ ಬಿಟ್ಟುಕೊಳ್ಳುತ್ತದೆ, ಎಲ್ಲರೂ ಮಾಡುವ ತಪ್ಪು ಅದೇ. ಬಣ್ಣಕ್ಕೆ ಮುಂಚೆ ಹೀಟ್ ಗನ್ನಿನಿಂದ ಮೇಲ್ಮೈ ಒಮ್ಮೆ ಕಾಯಿಸಿ, ಹೊಳಪು ಬರುವವರೆಗೆ. ಕಾಯಿಸದಿದ್ದರೆ ಫೋಮು ಬಣ್ಣ ಕುಡಿಯುತ್ತಲೇ ಇರುತ್ತದೆ. ತಗಡಿನ ಶೆಡ್ಡಿನಲ್ಲಿ ಮಾತ್ರ ಇಡಬೇಡಿ, ಮಧ್ಯಾಹ್ನದ ಕಾವಿಗೆ ಅಂಟು ಸಡಿಲಾಗಿ ಎದೆಗವಚ ಬಾಯಿ ಬಿಡುತ್ತದೆ.

ಒಬ್ಬರಿಗೆ ಎರಡು ಸೂಟು ಕಡ್ಡಾಯ, ಮೂರಾದರೆ ನೆಮ್ಮದಿ. ತಣ್ಣೀರು, ಸೌಮ್ಯವಾದ ಸೋಪಿನ ನೀರು, ಹಿಂಡದೆ ನೆರಳಲ್ಲಿ ಒಣಗಿಸುವುದು. ಬ್ಲೀಚು ತಾಗಬಾರದು. ನಿಮ್ಮ ಕೊಳದ ಕ್ಲೋರಿನ್ನೂ ಲೈಕ್ರಾದ ಶತ್ರುವೇ, ಹಿಗ್ಗುವ ಎಳೆ ಸತ್ತು ಸೂಟು ಜೋತುಬೀಳುತ್ತದೆ. ಮೇಲಾಗಿ ಒದ್ದೆ ಟೈಲ್ಸಿನ ಮೇಲೆ ಬಟ್ಟೆ ಹೊದಿಸಿದ ಬೂಟು ಜಾರುತ್ತದೆ. ಹಾಗಾಗಿ ಕೊಳದ ಕಡೆ ಹೀರೋ ಸುಳಿಯಬಾರದು. ಕೇಪನ್ನು ಭುಜಕ್ಕೆ ಹೊಲಿಯಬೇಡಿ, ಮ್ಯಾಗ್ನೆಟ್ಟಿನಲ್ಲಿ ನಿಲ್ಲಿಸಿ. ಯಾರಾದರೂ ಎಳೆದರೆ ಕಳಚಿ ಕೈಗೆ ಬರಬೇಕು, ಕುತ್ತಿಗೆ ಬಿಗಿಯಬಾರದು. ಕೇಪು ತೊಟ್ಟವನು ತಿರುಗುವ ಯಾವ ಆಟದ ಹತ್ತಿರವೂ ಹೋಗಕೂಡದು.

ಕಾಯ್ದೆ ಕಟ್ಟೆ:

ಕಾನೂನಿನ ಪ್ರಶ್ನೆಗೆ ನೇರ ಉತ್ತರ: ತೊಂದರೆ ಇದೆ. ಸ್ಪೈಡರ್‌ಮ್ಯಾನ್ ಮಾರ್ವೆಲ್‌ನದು, 2009ರಿಂದ ಮಾರ್ವೆಲ್ಲೇ ಡಿಸ್ನಿಯದು. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಡಿಸಿಯವು, ಅಂದರೆ ವಾರ್ನರ್ ಬ್ರದರ್ಸ್‌ನವು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ, 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಎರಡೂ ಅನ್ವಯಿಸುತ್ತವೆ. ಮಗುವಿನ ಹುಟ್ಟುಹಬ್ಬಕ್ಕೆ ಮನೆಯಲ್ಲಿ ವೇಷ ಹಾಕುವುದು ಬೇರೆ. ಟಿಕೆಟ್ ಇಟ್ಟು, ಹೆದ್ದಾರಿ ಫ್ಲೆಕ್ಸಿನಲ್ಲಿ ಹೆಸರು ಹಾಕಿ ಜನ ಕರೆಯುವುದು ಬೇರೆ. ಗೊತ್ತಿದ್ದೂ ಕೃತಿಸ್ವಾಮ್ಯ ಉಲ್ಲಂಘಿಸಿದರೆ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡದ ಮಾತಿದೆ. ‘ಎಲ್ಲರೂ ಮಾಡುತ್ತಾರೆ’ ಅನ್ನುವುದು ನಿಜ. ನೋಟಿಸ್ ಬಂದ ದಿನ ಅದು ಉತ್ತರವಾಗುವುದಿಲ್ಲ. ವೇಷ ಬಾಡಿಗೆ ಕೊಟ್ಟವರ ರಸೀದಿ ಪರವಾನಗಿಯಲ್ಲ, ಅದು ಬಟ್ಟೆಯ ರಸೀದಿ ಅಷ್ಟೆ.

ಹೆಸರಲ್ಲೊಂದು ಅಕ್ಷರ ಬದಲಿಸಿದರೆ ಪಾರಾಗಬಹುದು ಅನ್ನುವವರಿಗೆ ದೆಹಲಿ ಹೈಕೋರ್ಟಿನ ‘ನಾಗರಾಜ್’ ಪ್ರಕರಣ ನೆನಪಿರಲಿ. ರಾಜಾ ಪಾಕೆಟ್ ಬುಕ್ಸ್‌ನ ಕಾಮಿಕ್ಸ್ ನಾಯಕ ನಾಗರಾಜ್. ಅವನನ್ನೇ ಹೋಲುವ ‘ನಾಗೇಶ್’ ಎಂಬ ಪಾತ್ರವನ್ನು ರಾಧಾ ಪಾಕೆಟ್ ಬುಕ್ಸ್ ತಂದಾಗ ಕೋರ್ಟು ತಡೆಯಾಜ್ಞೆ ಕೊಟ್ಟಿತು.

ಈ ಹಕ್ಕುಗಳು ಎಷ್ಟು ಬಿಗಿ ಅಂದರೆ ಯಜಮಾನನೇ ತನ್ನ ಪಾತ್ರವನ್ನು ಎಲ್ಲ ಕಡೆ ನಿಲ್ಲಿಸುವಂತಿಲ್ಲ. ಡಿಸ್ನಿ ಕೊಳ್ಳುವುದಕ್ಕೆ ಎಷ್ಟೋ ಮೊದಲು, 1994ರಲ್ಲಿ, ಮಾರ್ವೆಲ್ ಯೂನಿವರ್ಸಲ್ ಪಾರ್ಕಿನವರ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಅದರ ಫಲವಾಗಿ ಫ್ಲೋರಿಡಾದಲ್ಲಿ ಸ್ಪೈಡರ್‌ಮ್ಯಾನ್ ಜೊತೆ ಫೋಟೋ ಬೇಕಾದರೆ ಇಂದಿಗೂ ಯೂನಿವರ್ಸಲ್‌ಗೆ ಹೋಗಬೇಕು. ಅದೇ ಊರಿನ ಡಿಸ್ನಿ ಪಾರ್ಕಿನಲ್ಲಿ ಅವನು ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಯಲ್ಲಿ ಸಿಗುತ್ತಾನೆ, ಅಲ್ಲಿ ಆ ಒಪ್ಪಂದದ ಅಡ್ಡಿಯಿಲ್ಲ.

ನಿಮಗೆ ಎರಡು ದಾರಿ. ಒಂದು, ಬರವಣಿಗೆಯಲ್ಲಿ ಅನುಮತಿ ತರುವುದು. ಛೋಟಾ ಭೀಮ್ ಥರದ ಪಾತ್ರವಾದರೆ ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್‌ನವರನ್ನು ಕೇಳಬೇಕು. ಮಹಾಭಾರತದ ಭೀಮ ಎಲ್ಲರ ಸ್ವತ್ತು, ಕಾರ್ಟೂನಿನ ಆ ಚಿತ್ರ ಅಲ್ಲ. ಎರಡನೆಯದು, ನಿಮ್ಮದೇ ಹೀರೋ ಸೃಷ್ಟಿಸುವುದು. ಚಿತ್ರ ಬರೆದವರಿಂದ ಹಕ್ಕು ನಿಮಗೆ ವರ್ಗವಾಯಿತು ಎಂದು ಬರೆಸಿಕೊಳ್ಳಿ. ಹೆಸರನ್ನು 41ನೇ ವರ್ಗದಲ್ಲಿ, ಅಂದರೆ ಮನರಂಜನೆಯ ವರ್ಗದಲ್ಲಿ, ಟ್ರೇಡ್‌ಮಾರ್ಕ್ ಮಾಡಿಸಬಹುದು. ಆನ್‌ಲೈನಿನಲ್ಲಿ ಸಲ್ಲಿಸಿದರೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ಮೈಸೂರು ಸೀಮೆ ಅಂತ ಎದೆಯ ಮೇಲೆ ಗಂಡಭೇರುಂಡ ಹಾಕಿಸುವ ಆಸೆ ಬಂದೇ ಬರುತ್ತದೆ. ರಾಜ್ಯ ಸರ್ಕಾರದ ಲಾಂಛನವನ್ನು ಹಾಗೇ ಎತ್ತಿ ಹಾಕಿದರೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಗೆ ಸಿಕ್ಕಿಕೊಳ್ಳುತ್ತೀರಿ. ಆಂಜನೇಯನ ವೇಷವೂ ಬೇಡ. ಬೂಟು ಹಾಕಿದ ಹನುಮಂತ ಸೆಲ್ಫಿಗೆ ನಿಂತರೆ ಕೋರ್ಟಿಗೆ ಮುಂಚೆ ಜನವೇ ವಿಚಾರಿಸಿಕೊಳ್ಳುತ್ತಾರೆ.

ಪಟ್ಣದ ಪಾರ್ಕು:

ತುಂಬಾ ಉಪಕಾರವಾಯ್ತು. ಹಾಗಾದರೆ ನಮ್ಮದೇ ಹೀರೋ ಮಾಡಿಸುತ್ತೇವೆ. ಉಳಿದಿದ್ದು ಮೂರು: ಹಗ್ಗದ ವಿಚಾರ ಯಾರೂ ಹೇಳಲಿಲ್ಲ. ಹೀರೋ ಮಾತಾಡಬೇಕೋ, ಸುಮ್ಮನಿರಬೇಕೋ? ಸಣ್ಣ ಮಕ್ಕಳು ನೋಡಿ ಅತ್ತರೆ ಏನು ಮಾಡುವುದು?

ಮಂಡ್ಯ ಸೀಮೆ:

ಹಗ್ಗ ಬಿಟ್ಬಿಡಿ ಸಾರ್. ಜೈಂಟ್ ವ್ಹೀಲ್ ಕಂಬಗಳನ್ನು ಆ ಆಟದ ಭಾರಕ್ಕೆ ಲೆಕ್ಕ ಹಾಕಿರ್ತಾರೆ, ಪಕ್ಕಕ್ಕೆ ಎಳೆಯೋ ಮನುಷ್ಯನ ಜಗ್ಗಾಟಕ್ಕಲ್ಲ. ಹಗ್ಗದಲ್ಲಿ ಇಳಿಯೋನು ನಡುವೆ ನಿಂತ್ರೆ ಅವನ ತೂಕದ ಎರಡು ಮೂರು ಪಟ್ಟು ಏಟು ಕಂಬಕ್ಕೆ ಬೀಳುತ್ತೆ. ಮುಖವಾಡ ಹಾಕಿರೋನಿಗೆ ಕೆಳಗಿನ ನೆಲಾನೇ ಕಾಣಲ್ಲ, ಎಲ್ಲಿ ಕಾಲಿಡ್ತಾನೆ? ಕ್ಯಾಲಿಫೋರ್ನಿಯಾದ ಡಿಸ್ನಿಯಲ್ಲಿ 2021ರಲ್ಲಿ ಶುರುವಾದ ಅವೆಂಜರ್ಸ್ ಕ್ಯಾಂಪಸ್‌ನಲ್ಲಿ ಸ್ಪೈಡರ್‌ಮ್ಯಾನ್ 65 ಅಡಿ ಮೇಲೆ ಹಾರಿ ಪಲ್ಟಿ ಹೊಡೀತಾನಲ್ಲ, ಅದು ಮನುಷ್ಯ ಅಲ್ಲ, ರೋಬೋ. ಅದು ಕಟ್ಟಡದ ಹಿಂದಕ್ಕೆ ಹೋಗಿ ಬಿದ್ದ ಮೇಲೆ ನಿಜವಾದ ವೇಷಧಾರಿ ಸೂರಿನ ಮೇಲೆ ಕಾಣಿಸ್ಕೋತಾನೆ. ಅಷ್ಟು ದುಡ್ಡಿರೋರೇ ಆ ಎತ್ತರಕ್ಕೆ ಆಳನ್ನ ಹಾರಿಸಲ್ಲ. ನಿಮಗೆ ಎಂಟ್ರಿ ಜೋರಾಗಿ ಬೇಕಾ? ಮಕ್ಕಳ ರೈಲಿನ ಇಂಜಿನ್ ಡಬ್ಬಿಯಲ್ಲಿ ನಿಧಾನಕ್ಕೆ ಕೂತು ಬರಲಿ, ಕೇಪು ಬಿಚ್ಚಿಟ್ಟು. ಸಿನಿಮಾ ಮ್ಯೂಸಿಕ್ ಹಾಕೋದಾದ್ರೆ ಹಾಡುಗಳ ಹಕ್ಕು ನೋಡ್ಕೊಳ್ಳೋ ಪಿಪಿಎಲ್, ಐಪಿಆರ್‌ಎಸ್ ಸಂಸ್ಥೆಗಳ ಲೈಸೆನ್ಸು ಕೇಳ್ತಾರೆ. ನಾಲ್ಕು ತಮಟೆ ಸಾಕು, ಅದಕ್ಕೆ ಯಾರ ಅಪ್ಪಣೇನೂ ಬೇಡ.

ಮಾತಿನ ವಿಚಾರ: ಇಬ್ಬರು ಬದಲಾಗಿ ಬರೋದ್ರಿಂದ ದನಿ ಬೇರೆ ಆಗುತ್ತೆ. ಅದಕ್ಕೇ ನಾಲ್ಕೈದು ಮಾತು ಗೊತ್ತು ಮಾಡಿ, ಇಬ್ಬರಿಗೂ ಒಂದೇ ಥರ ಹೇಳೋದು ಕಲಿಸಿ. ಡಬ್ಬಿಂಗ್ ಸಿನಿಮಾದ ‘ಜಗತ್ತನ್ನು ರಕ್ಷಿಸಲು ಬಂದಿದ್ದೇನೆ’ ಎಲ್ಲ ಬೇಡ. ‘ಊಟ ಆಯ್ತಾ ಪುಟ್ಟಾ? ಮುದ್ದೆ ತಿಂದ್ಯಾ?’ ಅಂದ್ರೆ ಮಗೂನೂ ನಗುತ್ತೆ, ಅಜ್ಜೀನೂ ನಗುತ್ತೆ.

ಏಪ್ರಿಲ್ ಕೊನೆಯಿಂದ ಭರಣಿ ಮಳೆ. ಸಂಜೆ ನಾಲ್ಕರ ಮೇಲೆ ಗುಡುಗು ಕೇಳಿದ್ರೆ ಸರದಿ ನಿಲ್ಲಿಸಿ ಎಲ್ಲರನ್ನೂ ಸೂರಿನಡಿ ಕಳಿಸಿ. ನೆಂದ ಸ್ಪಂಜಿನ ಸೂಟು ಒಣಗೋಕೆ ಎರಡು ದಿನ ಬೇಕು, ಅಷ್ಟರಲ್ಲಿ ಮುಗ್ಗಲು ವಾಸನೆ.

ಮುಖವಾಡ:

ಅಳುವುದು ಹೆಚ್ಚಾಗಿ ಒಂದರಿಂದ ಮೂರು ವರ್ಷದವು. ಮುಖ ಅಲ್ಲಾಡುವುದಿಲ್ಲ, ಆದರೆ ಆಳು ನಡೆದು ಬರುತ್ತಾನೆ. ಅದು ಅವಕ್ಕೆ ಅರ್ಥವಾಗುವುದಿಲ್ಲ. ಹೀರೋ ಮಗುವಿನ ಹತ್ತಿರ ಹೋಗಬಾರದು, ಮಗುವೇ ಬರಬೇಕು. ಐದಾರು ಅಡಿ ದೂರದಲ್ಲೇ ಒಂದು ಮಂಡಿಯೂರಿ, ಮೈಯನ್ನು ಸ್ವಲ್ಪ ಓರೆ ಮಾಡಿ, ಎದೆಯ ಮಟ್ಟದಲ್ಲಿ ಕೈ ಬೀಸಿದರೆ ಸಾಕು. ಒಂದು ಸ್ಟಿಕ್ಕರ್ ಕೊಡುವುದಿದ್ದರೆ ಸಹಾಯಕ ಕೊಡಲಿ. ಅಪ್ಪ ಅಮ್ಮ ‘ಹೋಗೋ, ಏನೂ ಮಾಡಲ್ಲ’ ಅಂತ ಮಗುವನ್ನು ತಳ್ಳುತ್ತಾರೆ, ಆಗ ಅಳು ಖಂಡಿತ. ‘ಇಲ್ಲಿಂದಲೇ ಟಾಟಾ ಹೇಳಲಿ, ಸಂಜೆ ಮತ್ತೆ ಬನ್ನಿ’ ಅಂತ ನಗುತ್ತಾ ಹೇಳಿ ಸಾಲು ಮುಂದಕ್ಕೆ ಬಿಡುವ ಚಾಕಚಕ್ಯತೆ ಸಹಾಯಕನಿಗಿರಬೇಕು.

ಮಕ್ಕಳನ್ನು ಎತ್ತಿಕೊಳ್ಳುವಂತಿಲ್ಲ, ತೊಡೆ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಪ್ರತಿ ಫೋಟೋದಲ್ಲೂ ವೇಷಧಾರಿಯ ಎರಡೂ ಅಂಗೈ ಕಾಣುತ್ತಿರಬೇಕು. ಇದು ಮಗುವಿಗೂ ರಕ್ಷಣೆ, ವೇಷಧಾರಿಗೂ ರಕ್ಷಣೆ. 2012ರ ಪೋಕ್ಸೋ ಕಾಯ್ದೆ ಎಲ್ಲರಿಗೂ ಗೊತ್ತಿರಲಿ. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಪೊಲೀಸ್ ವೆರಿಫಿಕೇಷನ್ ಮಾಡಿಸಿ. ಬಟ್ಟೆ ಬದಲಿಸುವ ಕೋಣೆಯ ಕಡೆಗೆ ಯಾವ ಮಗುವೂ ಬರಬಾರದು. ಮುಖವಾಡ ಕಂಕುಳಲ್ಲಿಟ್ಟುಕೊಂಡು ಬೀಡಿ ಸೇದುವ ಹೀರೋನನ್ನು ಒಂದು ಮಗು ನೋಡಿದರೆ ಇಡೀ ಪಾರ್ಕಿಗೆ ಸುದ್ದಿ.

ನಿಜವಾದ ಕಾಟ ಸಣ್ಣವರದ್ದಲ್ಲ, ಹತ್ತು ಹನ್ನೆರಡರ ಹುಡುಗರದ್ದು. ‘ನಿಜವಾಗ್ಲೂ ಪವರ್ ಇದ್ಯಾ’ ಅಂತ ಗುದ್ದಿ ನೋಡುತ್ತಾರೆ, ಹಿಂದಿನಿಂದ ಜಗ್ಗುತ್ತಾರೆ. ಅದಕ್ಕೇ ಹೀರೋ ಬೆನ್ನು ಯಾವಾಗಲೂ ಹಿನ್ನೆಲೆಯ ಪರದೆಗೆ ಹತ್ತಿರ ಇರಬೇಕು. ಆ ಪರದೆ ಎಂಟಕ್ಕೆ ಹತ್ತಡಿ ಇರಲಿ. ಹೊಳೆಯುವ ಫ್ಲೆಕ್ಸ್ ಬೇಡ, ಮ್ಯಾಟ್ ಹಾಕಿಸಿ, ಇಲ್ಲದಿದ್ದರೆ ಫ್ಲ್ಯಾಶಿನ ಬೆಳಕು ನಡುವೆ ಬಿಳಿ ಬೊಟ್ಟಾಗುತ್ತದೆ. ಸಂಜೆ ಸರದಿಗೆ ಪರದೆ ಪಶ್ಚಿಮಕ್ಕೆ ಬೆನ್ನು ಹಾಕಿದ್ದರೆ ಸೂರ್ಯ ಕ್ಯಾಮೆರಾಗೆ ಎದುರಾಗಿ ಎಲ್ಲರ ಮುಖವೂ ಕಪ್ಪು. ಪೂರ್ವಕ್ಕೆ ಬೆನ್ನು ಮಾಡಿ, ಹೊಂಗೆ ಮರದ ನೆರಳಿದ್ದರೆ ಇನ್ನೂ ಒಳ್ಳೆಯದು. ಗುದ್ದಿಗೂ ಮರ್ಯಾದೆಗೂ ಸೇರಿ, ಲೈಕ್ರಾ ಒಳಗೆ ಕ್ರಿಕೆಟ್ ಆಡುವವರ ಗಾರ್ಡ್ ಹಾಕಿಸಲು ಮರೆಯಬೇಡಿ.

ಪಟ್ಣದ ಪಾರ್ಕು:

ಹಗ್ಗ ಕೈಬಿಟ್ಟೆವು, ರೈಲೇ ಸರಿ. ಹೊಲಿಗೆಯವರೇ, ಮೂವರಿಗೆ ಎರಡೆರಡು ಸೂಟು ಅಂದರೆ ಯಾವಾಗ ಅಳತೆ ಕೊಟ್ಟರೆ ಏಪ್ರಿಲ್ ಎರಡನೇ ವಾರಕ್ಕೆ ಸಿಕ್ಕೀತು?

ಹೊಲಿಗೆ ಕಟ್ಟೆ:

ಮಾರ್ಚ್ ಮೊದಲ ವಾರ. ಬಟ್ಟೆ 21 ಮೀಟರು ತನ್ನಿ. ಮೊದಲು ಒಂದೇ ಸೂಟು ಹೊಲಿದು, ಅದನ್ನು ತೊಟ್ಟು ಐವತ್ತು ಸಲ ಕೂತೆದ್ದು ನೋಡಿ, ಹೊಲಿಗೆ ತಡೆದರೆ ಉಳಿದ ಐದಕ್ಕೆ ಕತ್ತರಿ ಹಾಕಬೇಕು. ಅಳತೆ ಕೊಡಲು ಬರುವಾಗ ಮೂವರೂ ಆ ಗಾರ್ಡ್ ಹಾಕಿಕೊಂಡೇ ಬರಲಿ. ಹೊಲಿದಾದ ಮೇಲೆ ಸೂಟಿನಲ್ಲಿ ಅದಕ್ಕೆ ಜಾಗ ಹುಡುಕೋಕೆ ಆಗಲ್ಲ.